ಅರವತ್ತೊಂದು ಹೆಸರು, ಒಂದೇ ವಿಳಾಸ

“ಸರ್, ಈ ಆನ್‌ಲೈನ್ ಪುಸ್ತಕ ಇಟ್ಟಿರೂ ಖೋಲಿ ಎಲ್ಲೈತ್ರಿ?”

ಬಂದೇಸಾಬರು ಹೀಗೆ ಕೇಳಿದಾಗ ನಮ್ಮ ಲೈಬ್ರರಿಯನ್ ಸುಯಮೀಂದ್ರ ಅವರು ಚಹಾ ಕುಡಿಯುತ್ತಿದ್ದರು. ನಗು ತಡೆಯಲಾಗದೆ ಅರ್ಧ ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡರು. ಬಂದೇಸಾಬರು ಮಾತ್ರ ನಗಲಿಲ್ಲ, ಉತ್ತರಕ್ಕೆ ಕಾಯುತ್ತ ನಿಂತೇ ಇದ್ದರು. ಇಪ್ಪತ್ತಾರು ವರ್ಷ ಪುಸ್ತಕ ಎತ್ತಿ ಇಟ್ಟವರು ಅವರು. ಪುಸ್ತಕ ಅಂದಮೇಲೆ ಅದು ಎಲ್ಲಾದರೂ ಒಂದು ಕಡೆ ಇರಲೇಬೇಕು ಎಂಬುದು ಅವರ ಲೆಕ್ಕ.

“ಅವು ಎಲ್ಲೋ ದೂರದ ಊರಿನ ದೊಡ್ಡ ದೊಡ್ಡ ಕಂಪ್ಯೂಟರಿನಾಗ ಅವ,” ಎಂದರು ಸುಯಮೀಂದ್ರ. “ಓದೋ ಪರವಾನಗಿ ಅಷ್ಟ ನಮಗದ.”

“ಹಂಗಾರ ಬಾಗಲದಾಗ ಯಾರು ಕುಂತಿರ್ತಾರ್ರಿ? ಇವರು ನಮ್ಮ ಹುಡುಗೂರು ಅಂತ ಹೆಂಗ ಗೊತ್ತಾಕ್ಕೈತಿ?”

“ಯಾರೂ ಕುಂತಿರೂದಿಲ್ಲ. ನಮ್ಮ ಕ್ಯಾಂಪಸ್ಸಿನ ಇಂಟರ್ನೆಟ್ ಅಂತ ಗುರುತು ಹಿಡಿದು ತಾನ ತೆರೀತದ.”

“ಮತ್ತ ಮನ್ಯಾಗ ಕುಂತವರಿಗೆ?”

“ಅವರಿಗೆ ಬ್ಯಾರೆ ಲಾಗಿನ್ ಬೇಕು. ಹೋಗ್ರಿ ಬಂದೇಸಾಬ, ಆ ಎರಡನೇ ರ‍್ಯಾಕ್ ನೋಡ್ರಿ, ಯಾರೋ ಎಲ್ಲಾ ಹಿಂದ ಮುಂದ ಮಾಡ್ಯಾರ.”

ನಾನು ಆಗ ಆ ಸ್ನಾತಕೋತ್ತರ ಕೇಂದ್ರದಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕನಾಗಿದ್ದೆ. ಸವಣೂರಿನಿಂದ ಶಿಗ್ಗಾವಿಗೆ ಹೋಗುವ ರಸ್ತೆಯ ಮೇಲಿದ್ದ ಸಣ್ಣ ಕೇಂದ್ರ ಅದು. ಹಾನಗಲ್ಲು, ಹಿರೇಕೆರೂರು, ರಟ್ಟೀಹಳ್ಳಿ ಕಡೆಯ ಹುಡುಗ ಹುಡುಗಿಯರು ಎರಡೆರಡು ಬಸ್ಸು ಬದಲಿಸಿ ಬರುತ್ತಿದ್ದರು. ಪಾಠ ಮುಗಿದ ಮೇಲೆ ನನಗೂ ಬಸ್ಸಿಗೆ ಒಂದು ತಾಸು ಇರುತ್ತಿತ್ತು. ಆ ತಾಸನ್ನು ಲೈಬ್ರರಿಯಲ್ಲಿ ಕಳೆಯುತ್ತಿದ್ದೆ. ಹಾಗಾಗಿ ಬಂದೇಸಾಬರ ಪ್ರಶ್ನೆಗಳಲ್ಲಿ ಅರ್ಧದಷ್ಟಾದರೂ ನನ್ನ ಕಿವಿಗೆ ಬಿದ್ದಿವೆ.

ಬಂದೇಸಾಬರು ಸವಣೂರಿನವರು. ತಂದೆ ಇಸ್ಮಾಯಿಲಸಾಬರು ವೀಳ್ಯದೆಲೆಯ ಎಲೆಬಳ್ಳಿ ತೋಟ ಮಾಡಿಕೊಂಡು ಬಂದವರು. ಮಗ ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿನಲ್ಲಿ ನಪಾಸಾಗಿ ತೋಟಕ್ಕೇ ಬಂದ. ಕೇಂದ್ರ ಶುರುವಾದ ವರ್ಷ ಲಾರಿಯಿಂದ ಪುಸ್ತಕದ ಪೆಟ್ಟಿಗೆ ಇಳಿಸಲು ದಿನಗೂಲಿಗೆ ಕರೆದರು. ಮೂರು ದಿನದ ಕೆಲಸ ಅದು. ಮೂರನೆಯ ದಿನ ಅವರು ಹಳೆಯ ಲೈಬ್ರರಿಯನ್ನರನ್ನು, “ಈ ಪುಸ್ತಕದ ಬೆನ್ನಿಗೆ ಅಂಟಿಸೀರಲ್ರಿ ನಂಬರು, ಅದನ್ನ ಯಾರು ಇಡತಾರ್ರಿ?” ಎಂದು ಕೇಳಿದರಂತೆ. ಇಷ್ಟು ಕೇಳುವ ಕೂಲಿಯವನನ್ನು ಅವರು ಅದುವರೆಗೆ ನೋಡಿರಲಿಲ್ಲ. ನಾಲ್ಕನೆಯ ದಿನವೂ ಬಾ ಎಂದರು. ಹಾಗೆ ಬಂದವರು ಮುಂದೆ ಅಟೆಂಡರಾಗಿ ಕಾಯಂ ಆದರು.

ಇಂಗ್ಲಿಷಿನ ಒಂದು ಸಾಲನ್ನೂ ಅವರು ಸಲೀಸಾಗಿ ಓದಲಾರರು. ಆದರೆ ಪುಸ್ತಕದ ಬೆನ್ನಿನ ಸಂಖ್ಯೆ, ಅದರ ಕೆಳಗಿನ ಮೂರಕ್ಷರ, ಇವಿಷ್ಟನ್ನೇ ಹಿಡಿದು ಇಪ್ಪತ್ತು ಸಾವಿರ ಪುಸ್ತಕಗಳಲ್ಲಿ ಯಾವುದು ಎಲ್ಲಿದೆ ಎಂದು ಹೇಳುತ್ತಿದ್ದರು. ಅಕ್ಷರಗಳನ್ನು ಅವರು ಓದುವುದಕ್ಕಿಂತ ಮುಖ ನೋಡಿದಂತೆ ನೋಡಿ ಗುರುತಿಟ್ಟುಕೊಳ್ಳುತ್ತಿದ್ದರು. ಭಾರತದ ಇತಿಹಾಸಕ್ಕೆ 954 ಯಾಕೆ, 953 ಯಾಕಲ್ಲ ಎಂದು ಒಮ್ಮೆ ಸುಯಮೀಂದ್ರರಿಗೆ ಗಂಟು ಬಿದ್ದಿದ್ದರು. ಅವರು ದಪ್ಪ ಪುಸ್ತಕ ತೆಗೆದು ನೋಡಿ 953 ಅರಬಸ್ಥಾನದ್ದು ಎಂದಾಗ ಬಂದೇಸಾಬರ ಮುಖ ಅರಳಿತು. “ಮಕ್ಕಾ ನಮ್ಮ ಮಗ್ಗಲದ ರ‍್ಯಾಕಿನ್ಯಾಗ ಐತೇನ್ರಿ! ನಮ್ಮ ಗುಲ್ನಾರಗ ಹೇಳಬೇಕಿದನ್ನ,” ಎಂದರು. ಗುಲ್ನಾರ ಅವರ ಹೆಂಡತಿ. ಅವರು ದಿನಾ ಒಂದಾದರೂ ಹೊಸ ಸಂಗತಿ ಹೊತ್ತುಕೊಂಡೇ ಮನೆಗೆ ಹೋಗುತ್ತಿದ್ದರು ಎಂದು ಕಾಣುತ್ತದೆ.

ಜುಲೈ ತಿಂಗಳಲ್ಲಿ ವಾರಗಟ್ಟಲೆ ಹಿಡಿದ ಮಳೆಗೆ ಓದುವ ಕೋಣೆಯ ಚಾವಣಿಯಿಂದ ಒಂದು ಚಾಪೆಯಷ್ಟು ಪ್ಲಾಸ್ಟರ್ ಬಿತ್ತು. ಬೆಳಗ್ಗೆ ಬೀಗ ತೆಗೆಯುವ ಮೊದಲೇ ಬಿದ್ದದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಇಂಜಿನಿಯರು ಬಂದು ಕೋಲಿನಿಂದ ಅಲ್ಲಲ್ಲಿ ತಟ್ಟಿ, ಸದ್ದು ಕೇಳಿ, ಮೂರು ತಿಂಗಳು ಯಾರೂ ಒಳಗೆ ಕಾಲಿಡಬಾರದು ಎಂದರು. ರ‍್ಯಾಕುಗಳಿಗೆ ಟಾರ್ಪಾಲಿನ ತಾಡಪತ್ರಿ ಹೊದಿಸಿ ಬಾಗಿಲು ಹಾಕಲಾಯಿತು. ಸುಯಮೀಂದ್ರರ ಮೇಜು ಆಫೀಸಿಗೆ ಬಂತು. ಬಾಗಿಲಿಗೆ ಒಂದು ನೋಟಿಸು: ಗ್ರಂಥಾಲಯ ದುರಸ್ತಿಯಲ್ಲಿದೆ, ವಿದ್ಯಾರ್ಥಿಗಳು ತಮ್ಮ ಲಾಗಿನ್ ಬಳಸಿ ಮನೆಯಿಂದಲೇ ಆನ್‌ಲೈನ್ ಜರ್ನಲ್ ಮತ್ತು ಪುಸ್ತಕಗಳನ್ನು ಓದಬಹುದು, ಲಾಗಿನ್ ಚಾಲೂ ಮಾಡಿಕೊಳ್ಳುವ ಲಿಂಕನ್ನು ಎಲ್ಲರ ಇಮೇಲಿಗೂ ಕಳಿಸಲಾಗಿದೆ.

ಸುಯಮೀಂದ್ರರು ಎರಡು ದಿನ ಕೂತು ಇನ್ನೂರ ನಲವತ್ತು ಮಂದಿಗೂ ಲಿಂಕು ಕಳಿಸಿದ್ದು ನನಗೆ ಗೊತ್ತು. ತಮ್ಮ ಕರ್ತವ್ಯ ಅವರು ಚೊಕ್ಕಟವಾಗಿಯೇ ಮಾಡಿದ್ದರು. ಆದರೆ ಆಗಸ್ಟ್ ಕೊನೆಗೆ ವಿಶ್ವವಿದ್ಯಾಲಯದ ಮುಖ್ಯ ಕಚೇರಿಯಿಂದ ಒಂದು ಕಾಗದ ಬಂತು. ಇಡೀ ತಿಂಗಳಲ್ಲಿ ಈ ಕೇಂದ್ರದಿಂದ ಲಾಗಿನ್ ಆದವರು ಹತ್ತೊಂಬತ್ತು ಮಂದಿ. ಅಕ್ಟೋಬರ್ ಒಳಗೆ ಬಳಕೆ ಹೆಚ್ಚದಿದ್ದರೆ ಮುಂದಿನ ವರ್ಷ ಈ ಕೇಂದ್ರಕ್ಕೆ ಮನೆಯಿಂದ ಓದುವ ಸೌಲಭ್ಯ ಮುಂದುವರಿಸಲಾಗುವುದಿಲ್ಲ.

“ಓದೋ ಹುಡುಗೂರ ಇಲ್ಲ ಈಗ,” ಎಂದು ಸುಯಮೀಂದ್ರರು ನನ್ನ ಮುಂದೆ ಕಾಗದ ಹಾಕಿದರು. “ಬಾಗಲಾ ತಗದ ಕೊಟ್ರೂ ಒಳಗ ಬರಂಗಿಲ್ಲ ಅಂದ್ರ ಏನ್ ಮಾಡ್ಲಿಕ್ಕೆ ಬರ್ತದ?”

ಕಿಟಕಿಯ ಪಕ್ಕ ನಿಂತಿದ್ದ ಬಂದೇಸಾಬರು, “ವೃಂದಾ ಓದೂದು ಬಿಟ್ಟಾಳಂದ್ರ ನಾ ನಂಬೂದಿಲ್ರಿ ಸರ್,” ಎಂದರು.

ವೃಂದಾ ರಟ್ಟೀಹಳ್ಳಿಯ ಮೇಷ್ಟರೊಬ್ಬರ ಮಗಳು. ಈ ಸೀಮೆಯ ಹಳೆಯ ಕೆರೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಬೆಳಗಿನ ಮೊದಲ ಬಸ್ಸಿಗೆ ಬಂದು ಲೈಬ್ರರಿಯ ಬೀಗ ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಕಾಗದದ ಜೊತೆಗಿದ್ದ ಹತ್ತೊಂಬತ್ತು ಹೆಸರುಗಳಲ್ಲಿ ಅಂಥವಳದು ಇರಲಿಲ್ಲ. ಬಂದೇಸಾಬರು ಅಲ್ಲೇ ಫೋನು ಹಚ್ಚಿದರು.

“ನನಗ ಯಾವ ಮೇಲೂ ಬಂದಿಲ್ಲ ಕಾಕಾ,” ಎಂದಳು ಆಕೆ. “ಎರಡು ಸರ್ತಿ ಆಫೀಸಿಗೆ ಫೋನ್ ಮಾಡಿದೆ. ಕಳಿಸೇವಿ, ಸರಿಯಾಗಿ ನೋಡ್ರಿ ಅಂತಾರ. ಎಲ್ಲಿ ನೋಡ್ಲಿ ನಾನು?”

ಬಂದೇಸಾಬರು ಫೋನು ಕಿಸೆಗೆ ಹಾಕಿಕೊಂಡು, ಮೇಲು ಕಳಿಸಿದವರ ಪಟ್ಟಿ ತೋರಿಸಿ ಎಂದರು. ಸುಯಮೀಂದ್ರರು ಬೇಸರದಿಂದಲೇ ಒಂಬತ್ತು ಹಾಳೆ ತೆಗೆದು ಕೊಟ್ಟರು. ಎಡಕ್ಕೆ ಹೆಸರು, ಬಲಕ್ಕೆ ಇಮೇಲು, ಎಲ್ಲವೂ ಇಂಗ್ಲಿಷು. ಬಂದೇಸಾಬರು ಹೆಸರುಗಳ ಗೋಜಿಗೆ ಹೋಗಲೇ ಇಲ್ಲ. ಬಲಗಡೆಯ ಸಾಲಿನ ಮೇಲೆ ಬೆರಳಿಟ್ಟು, ಪುಸ್ತಕದ ಬೆನ್ನು ನೋಡುವಂತೆ ಮೇಲಿಂದ ಕೆಳಗೆ ನೋಡುತ್ತ ಹೋದರು. ಎರಡನೆಯ ಹಾಳೆಯಲ್ಲಿ ಬೆರಳು ನಿಂತಿತು. ಮೊದಲನೆಯ ಹಾಳೆಗೆ ಮರಳಿತು. ಆಮೇಲೆ ಪೆನ್ಸಿಲು ತೆಗೆದುಕೊಂಡು ಅಲ್ಲಲ್ಲಿ ಚುಕ್ಕೆ ಇಡತೊಡಗಿದರು.

“ಸರ್, ಇದ ಅಕ್ಷರ ಇಲ್ಲೂ ಐತಿ, ಇಲ್ಲೂ ಐತಿ, ನೋಡ್ರಿ ಇಲ್ಲೂ ಐತಿ. ಇಷ್ಟ ಮಂದಿಗೆ ಒಂದ ಮೇಲ್ ಇರ್ತೈತೇನ್ರಿ?”

ನಾವಿಬ್ಬರೂ ಬಗ್ಗಿ ನೋಡಿದೆವು. ವೃಂದಾಳ ಹೆಸರಿನ ಮುಂದೆ ಹಿರೇಕೆರೂರಿನ ಯಾರೋ ಜಾವೇದ ಎಂಬವರ ಸೈಬರ್ ಸೆಂಟರಿನ ಇಮೇಲು ಇತ್ತು. ಅದೇ ವಿಳಾಸ ಒಟ್ಟು ಅರವತ್ತೊಂದು ಹೆಸರುಗಳ ಮುಂದಿತ್ತು. ಹಾನಗಲ್ಲಿನ ಒಂದು ಅಂಗಡಿಯದು ನಲವತ್ನಾಲ್ಕರ ಮುಂದೆ, ಸವಣೂರಿನದು ಮೂವತ್ತರ ಮುಂದೆ, ಶಿಗ್ಗಾವಿಯದು ಇಪ್ಪತ್ತೆಂಟರ ಮುಂದೆ.

ಸುಯಮೀಂದ್ರರು ಕುರ್ಚಿಗೆ ಒರಗಿ ಕೂತರು. “ಪ್ರವೇಶದ ಫಾರ್ಮಿನಾಗ ಏನಿತ್ತೋ ಅದ ಇಲ್ಲಿ ಬಂದದ. ನಾ ಏನ್ ಮಾಡ್ಲಿ? ಮುಖ್ಯ ಕಚೇರಿಗೆ ಬರೀತೀನಿ.” ಬರೆದರು ಕೂಡ. ಉತ್ತರ ಬರಲಿಲ್ಲ.

ಬಂದೇಸಾಬರಿಗೆ ಆ ಅರವತ್ತೊಂದು ಪತ್ರಗಳು ಈಗ ಎಲ್ಲಿವೆ ಎಂಬುದೇ ತಲೆಯೊಳಗೆ ಕೂತುಬಿಟ್ಟಿತ್ತು. ಶನಿವಾರ ರಜೆ ಹಾಕಿ, ಪಟ್ಟಿಯ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು, ಯಾರಿಗೂ ಹೇಳದೆ, ಸವಣೂರಿನಿಂದ ಹಾವೇರಿಗೆ, ಹಾವೇರಿಯಿಂದ ಹಿರೇಕೆರೂರಿಗೆ ಬಸ್ಸು ಹಿಡಿದರು. ಅಲ್ಲಿ ನಡೆದದ್ದನ್ನು ಅವರ ಬಾಯಿಂದಲೂ ಕೇಳಿದ್ದೇನೆ, ಆಮೇಲೆ ಜಾವೇದರ ಬಾಯಿಂದಲೂ.

ಜಾವೇದರದು ಬಸ್‌ಸ್ಟ್ಯಾಂಡಿನ ಹತ್ತಿರದ ಸಣ್ಣ ಅಂಗಡಿ. ಝೆರಾಕ್ಸು, ಪಹಣಿ ಪ್ರಿಂಟು, ಆಧಾರ್ ತಿದ್ದುಪಡಿ, ಕಾಲೇಜಿನ ಫಾರ್ಮು ತುಂಬುವುದು. ವಯಸ್ಸು ಮೂವತ್ತೈದರ ಆಸುಪಾಸು. ವಿಶ್ವವಿದ್ಯಾಲಯದಿಂದ ಬಂದಿದ್ದೇನೆ ಎಂದ ಕೂಡಲೇ ಅವರ ಕೈ ಕೀಬೋರ್ಡಿನ ಮೇಲೆ ನಿಂತಿತು.

“ಕಂಪ್ಲೇಂಟ್ ಕೊಡಾಕ ಬಂದೀರೇನ್ ಚಾಚಾ?”

“ಇಲ್ಲಪಾ. ನೋಡಾಕ ಬಂದೇನಿ.”

“ಏನ್ ನೋಡಾಕ್ರಿ?”

“ನಮ್ಮ ಹುಡುಗೂರ ಪತ್ರ ನಿನ್ನ ಮನಿಗೆ ಬಂದಾವಂತ. ಹೆಂಗ ಅದಾವೋ, ಎಲ್ಲಿ ಅದಾವೋ, ಒಮ್ಮೆ ತೋರಸಪಾ.”

ಜಾವೇದ ಪಕ್ಕದ ಸ್ಟೂಲು ಎಳೆದು ಕೊಟ್ಟರು. “ಇಲ್ಲೆ ಕುಂಡ್ರಿ. ನಾ ಮೋಸಕ್ಕ ಮಾಡಿದ್ದಲ್ರಿ ಚಾಚಾ. ಫಾರ್ಮ್ ತುಂಬಾಕ ಬರ್ತಾರ, ಇಮೇಲ್ ಹೇಳ್ರಿ ಅಂದ್ರ ಇಲ್ಲ ಅಂತಾರ. ಇದ್ದವರಿಗೆ ಪಾಸ್‌ವರ್ಡ್ ನೆನಪಿರೂದಿಲ್ಲ. ಅದನ್ನ ಬರೀಲಿಲ್ಲಂದ್ರ ಫಾರ್ಮ್ ಮುಂದ ಹೋಗೂದಿಲ್ಲ, ಹೊರಗ ಇಪ್ಪತ್ ಮಂದಿ ನಿಂತಿರ್ತಾರ. ನಂದ ಹಾಕಿ ಕಳಿಸಿಬಿಟ್ಟೇನಿ.”

ಮೇಲ್ ಪೆಟ್ಟಿಗೆ ತೆರೆದರು. ಓದದೆ ಬಿದ್ದಿದ್ದ ಮೇಲುಗಳೇ ಹನ್ನೊಂದು ಸಾವಿರ ಚಿಲ್ಲರೆ. ಕೇಂದ್ರದ ಹೆಸರು ಹಾಕಿ ಹುಡುಕಿದಾಗ ಒಂದರ ಕೆಳಗೊಂದು ಅವು ಬಂದವು. ಬಂದೇಸಾಬರು ಪರದೆಗೆ ಮೂಗು ತಾಗುವಷ್ಟು ಬಾಗಿ ಒಂದೊಂದೇ ಎಣಿಸಿದರು. ಅರವತ್ತೊಂದಕ್ಕೆ ಅರವತ್ತೊಂದೂ ಇದ್ದವು.

“ಸಿಕ್ಕೂವಲ್ಲೋ!” ಎಂದು ಅವರು ಜಾವೇದರ ಭುಜ ತಟ್ಟಿದರು. “ಈಗ ಒತ್ತು.”

ಜಾವೇದ ವೃಂದಾಳ ಲಿಂಕು ಒತ್ತಿದರು. ಕೆಂಪು ಅಕ್ಷರದ ಒಂದು ಸಾಲು ಬಂತು.

“ಹದಿನೈದು ದಿನದಾಗ ಒತ್ತಬೇಕಿತ್ತಂತ ಚಾಚಾ. ಅವಧಿ ಮುಗದೈತಿ.”

“ಎಲ್ಲಾವೂ?”

“ಎಲ್ಲಾವೂ.”

ಜಾವೇದ ಚಹಾ ತರಿಸಿದರು. ಅದನ್ನು ಮುಟ್ಟದೆ ಬಂದೇಸಾಬರು ಕೇಳಿದರು: “ಸತ್ತ ಲಿಂಕ ಮತ್ತ ಹುಟ್ಟಸಾಕ ಬರ್ತೈತೇನಪಾ?”

“ಬರ್ತೈತ್ರಿ. ನಿಮ್ಮ ಸಾಹೇಬ್ರು ಸರಿ ಇಮೇಲಿಗೆ ಮತ್ತೊಮ್ಮೆ ಕಳಿಸಬೇಕು. ಸರಿ ಇಮೇಲ್ ಇಲ್ದವರಿಗೆ ನಾ ಇಲ್ಲೆ ತಗದ ಕೊಡ್ತೇನಿ. ಎಲ್ಲಾರ ಫೋನ್ ನಂಬರ್ ನನ್ನ ವಹಿಯಾಗ ಅದಾವ, ನಾನ ಕರೀತೇನಿ.”

“ಪಾಸ್‌ವರ್ಡ್ ಮಾತ್ರ ಅವರವರ ಕೈಲೆ ಬರಸು. ನೀ ಇಟ್ಕೊಬ್ಯಾಡ. ಒಬ್ಬರ ಕಾರ್ಡು ಇನ್ನೊಬ್ಬರ ಕಿಸೆದಾಗ ಇರಬಾರದು.”

ಸೋಮವಾರ ಬಂದೇಸಾಬರು ಇದನ್ನೆಲ್ಲ ಹೇಳಿದಾಗ ಸುಯಮೀಂದ್ರರು ಕೆಂಡವಾದರು. “ನಿಮಗ್ಯಾರು ಹೋಗಂದ್ರು? ಹೊರಗಿನವರ ಮುಂದ ಆಫೀಸಿನ ಪಟ್ಟಿ ಹಿಡಕೊಂಡು ಹೋಗೂದಂದ್ರ ಏನು?” ಎಂದು ಕೂಗಿದ್ದು ನನ್ನ ಕ್ಲಾಸಿನ ತನಕ ಕೇಳಿಸಿತ್ತು. ಕೂಗು ಮುಗಿದ ಮೇಲೆ ಬಂದೇಸಾಬರು, ಜಾವೇದ ಪ್ರಿಂಟು ತೆಗೆದು ಕೊಟ್ಟಿದ್ದ ಹಾಳೆಯನ್ನು ಮೇಜಿನ ಮೇಲೆ ಇಟ್ಟು ಹೊರಗೆ ಬಂದರು. ಸುಯಮೀಂದ್ರರು ತಾವೇ ಕಳಿಸಿದ ಅರವತ್ತೊಂದು ಮೇಲುಗಳು ಒಂದೇ ಪೆಟ್ಟಿಗೆಯಲ್ಲಿ ಸಾಲಾಗಿ ಬಿದ್ದಿರುವುದನ್ನು ನೋಡಿದರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ. ಸಂಜೆ ಬಂದೇಸಾಬರನ್ನು ಕರೆದು, “ಸುಮ್ಮನ ಹುಡುಗೂರ್ನ ಬೈದೆ ನಾನು. ಆ ಪಟ್ಟಿ ನಾ ನೋಡಬೇಕಿತ್ತು. ಬರ್ರಿ, ಮುಂದಿಂದು ಕೂಡೇ ಮಾಡೋಣ,” ಎಂದರು. ವಿದ್ಯಾರ್ಥಿ ಸಹಿ ಮಾಡಿದ ಅರ್ಜಿ ಇದ್ದರೆ ಇಮೇಲು ತಿದ್ದುವ ಅಧಿಕಾರ ತಮಗೇ ಇದೆ ಎಂಬುದನ್ನೂ ನಿಯಮದ ಪುಸ್ತಕದಲ್ಲಿ ಅಷ್ಟರೊಳಗೆ ಹುಡುಕಿಟ್ಟಿದ್ದರು.

ಸೆಪ್ಟೆಂಬರಿನ ನಾಲ್ಕು ಭಾನುವಾರ ಅವರಿಬ್ಬರೂ ನಾಲ್ಕು ಊರಲ್ಲಿ ಕೂತರು. ಹಿರೇಕೆರೂರು ಮೊದಲು, ಆಮೇಲೆ ಹಾನಗಲ್ಲು, ಶಿಗ್ಗಾವಿ, ಸವಣೂರು. ಹಿರೇಕೆರೂರಿಗೆ ನಾನೂ ಹೋಗಿದ್ದೆ. ಜಾವೇದರ ಅಂಗಡಿಯ ಮುಂದೆ ಮಾಸೂರು, ಹಂಸಭಾವಿ, ರಟ್ಟೀಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರ ಸಾಲು. ಸುಯಮೀಂದ್ರರು ಲ್ಯಾಪ್‌ಟಾಪ್ ಮುಂದೆ, ಬಂದೇಸಾಬರು ಅರ್ಜಿ ಹಿಡಿದು ಪಕ್ಕದಲ್ಲಿ. ಅವರಿಗೆ ಹೆಸರಿಗಿಂತ ರ‍್ಯಾಕು ಬೇಗ ನೆನಪಾಗುತ್ತಿತ್ತು. “ಇವ 330ರಾವ್ರಿ, ಅರ್ಥಶಾಸ್ತ್ರ. ಇಕಿ 581, ಗಿಡಾ ಬಳ್ಳಿ,” ಎಂದು ಒಬ್ಬೊಬ್ಬರನ್ನೂ ಪರಿಚಯಿಸುವರು. ವೃಂದಾಳ ಲಾಗಿನ್ ತೆರೆದು ಹಳೆಯ ಕೆರೆಗಳ ತೂಬಿನ ಬಗ್ಗೆ ಆಕೆ ಒಂದು ವರ್ಷದಿಂದ ಹುಡುಕುತ್ತಿದ್ದ ಲೇಖನ ಅಲ್ಲೇ ಸಿಕ್ಕಾಗ, ಆಕೆ ಅಂಗಡಿಯಲ್ಲಿ ನಿಂತೇ ಎರಡು ಪುಟ ಓದಿಬಿಟ್ಟಳು.

ಮಾಸೂರಿನಿಂದ ಬಂದಿದ್ದ ಸಾಯಿಮಾ ಎಂಬ ಎಂ.ಎ. ವಿದ್ಯಾರ್ಥಿನಿ ಮಾತ್ರ ಅರ್ಜಿಗೆ ಸಹಿ ಮಾಡದೆ ನಿಂತಿದ್ದಳು.

“ಯಾಕವಾ, ಬರಿ.”

“ಬರದ ಏನ್ ಮಾಡ್ಲಿ ಕಾಕಾ? ಮನ್ಯಾಗ ಇರೂದು ಒಂದ ಫೋನ್. ಅದನ್ನ ಅಪ್ಪ ಹೊಲಕ್ಕ ಒಯ್ತಾನ, ಬಟನ್ ಫೋನದು. ನನಗ ಪುಸ್ತಕ ಬೇಕ್ರಿ.”

ಸುಯಮೀಂದ್ರರು ಬೆರಳು ನಿಲ್ಲಿಸಿ ಅವಳನ್ನು ನೋಡಿದರು. ಲಾಗಿನ್ ಕೊಟ್ಟರೆ ಎಲ್ಲ ಮುಗಿಯಿತು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಬಂದೇಸಾಬರು ಅರ್ಜಿಯ ಹಿಂಬದಿಯಲ್ಲಿ ಅವಳಿಗೆ ಬೇಕಾದ ಪುಸ್ತಕದ ಹೆಸರು ಬರೆಸಿಕೊಂಡರು. ಅಂಥವರು ಬೇರೆ ಯಾರಿದ್ದಾರೆಂದು ಸಾಲಿಗೆಲ್ಲ ಕೇಳಿದರು. ನಾಲ್ಕು ಊರು ಮುಗಿಯುವಾಗ ಹದಿನೇಳು ಮಂದಿಯಾದರು.

ಬೀಗ ಹಾಕಿದ ಲೈಬ್ರರಿಯೊಳಗೆ ಹೋಗಲು ಇಂಜಿನಿಯರು ಮೊದಲು ಒಪ್ಪಲಿಲ್ಲ. ಕಡೆಗೆ, ಪ್ಲಾಸ್ಟರ್ ಕೆತ್ತಿ ಮುಗಿದ ಬದಿಯಿಂದ ಒಬ್ಬರೇ ಹೋಗಬೇಕು, ಅರ್ಧ ತಾಸಿನಲ್ಲಿ ಹೊರಗೆ ಬರಬೇಕು ಎಂದರು. ಬಂದೇಸಾಬರು ಗುತ್ತಿಗೆದಾರರ ಹಳದಿ ಹೆಲ್ಮೆಟ್ ತಲೆಗೇರಿಸಿಕೊಂಡು ಒಳಗೆ ಹೋದರು. ಕರೆಂಟ್ ಇರಲಿಲ್ಲ, ರ‍್ಯಾಕುಗಳೆಲ್ಲ ತಾಡಪತ್ರಿಯೊಳಗೆ. ಹೊರಗೆ ನಿಂತ ನಮಗೆ ತಾಡಪತ್ರಿ ಸರಿಸುವ ಸದ್ದು, ನಡುನಡುವೆ ಕೆಮ್ಮು ಮಾತ್ರ ಕೇಳುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಮೀಸೆಯ ತುಂಬ ಸಿಮೆಂಟಿನ ಧೂಳು ಹತ್ತಿಸಿಕೊಂಡು ಹೊರಬಂದರು. ಹದಿನೇಳರಲ್ಲಿ ಹದಿನಾರು ಪುಸ್ತಕ ಕೈಯಲ್ಲಿದ್ದವು. ಹದಿನೇಳನೆಯದು ಎರಡು ವರ್ಷದ ಹಿಂದೆ ಒಯ್ದ ಮೇಷ್ಟರೊಬ್ಬರು ಇನ್ನೂ ಮರಳಿಸಿಲ್ಲ ಎಂಬುದು ಅವರಿಗೆ ನೆನಪಿತ್ತು. ಅದನ್ನೂ ಫೋನು ಮಾಡಿ ತರಿಸಿದರು. ಸಾಯಿಮಾಳ ಪುಸ್ತಕ ಜಾವೇದರ ಅಂಗಡಿಗೆ ಹೋಯಿತು. ಅವಳು ಅಲ್ಲಿಂದ ಒಯ್ದಳು.

ಅಕ್ಟೋಬರಿನ ವರದಿಯಲ್ಲಿ ನೂರ ಎಪ್ಪತ್ತೆರಡು ಮಂದಿ ಲಾಗಿನ್ ಆಗಿದ್ದರು. ಸೌಲಭ್ಯ ಮುಂದುವರಿಯಿತು. ಅದೇ ವಾರ ಸುಯಮೀಂದ್ರರು ಬಂದೇಸಾಬರನ್ನು ಕರೆದು, “ಸಿಬ್ಬಂದಿಗೂ ಲಾಗಿನ್ ಕೊಡ್ಲಿಕ್ಕೆ ಬರ್ತದ. ಅಟೆಂಡರ್ ಮಂದೀನ ಯಾರೂ ಪಟ್ಟಿಗೆ ಸೇರಿಸಿರಲಿಲ್ಲ ಇಷ್ಟು ದಿನ. ನಾ ಸೇರಿಸೀನಿ. ಹೇಳ್ರಿ, ಮೊದಲ ಏನ್ ಹುಡುಕೋಣ?” ಎಂದರು.

ವೃಂದಾಳೂ ಅಲ್ಲಿದ್ದಳು, ನಾನೂ ಇದ್ದೆ. ಬಂದೇಸಾಬರು ನಾಚಿಕೊಂಡರು. ಆಮೇಲೆ ಹೇಳಿದರು: ಎಲೆಬಳ್ಳಿಯಲ್ಲೂ ಗಂಡು ಹೆಣ್ಣು ಬೇರೆ ಬೇರೆ ಇರುತ್ತವೆ ಎಂದು ತಮ್ಮ ತಂದೆ ಮೊದಲಿನಿಂದ ಹೇಳುತ್ತಾರೆ, ಪೇಟೆಯಲ್ಲಿ ಎಲ್ಲರೂ ನಗುತ್ತಾರೆ. “ಅದು ಖರೇನೋ ಸುಳ್ಳೋ, ನೋಡಾಕ ಬರ್ತೈತೇನ್ರಿ?”

ವೃಂದಾ ಟೈಪು ಮಾಡಿದಳು. ಒಂದಲ್ಲ, ಹತ್ತಾರು ಲೇಖನ ಬಂದವು. ಒಂದನ್ನು ತೆರೆದು ಓದಿ ಕನ್ನಡದಲ್ಲಿ ಹೇಳಿದಳು: ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ, ಅವುಗಳ ಹೂವು ಬೇರೆ ಬೇರೆ. ಬಂದೇಸಾಬರು ಮತ್ತೊಮ್ಮೆ ಓದಿಸಿದರು. ಆ ಪುಟದ ಪ್ರಿಂಟು ತೆಗೆಸಿಕೊಂಡು ಮಡಚಿ ಎದೆಯ ಕಿಸೆಯಲ್ಲಿಟ್ಟುಕೊಂಡು, ಸಾಹೇಬರನ್ನು ಕೇಳಿ ಅರ್ಧ ದಿನದ ರಜೆಗೆ ಹೋದರು.

ಇಸ್ಮಾಯಿಲಸಾಬರಿಗೆ ಎಂಬತ್ತನಾಲ್ಕು. ಈಗಲೂ ದಿನಾ ತೋಟಕ್ಕೆ ಹೋಗಿ ಎಲೆ ಕೀಳುತ್ತಾರೆ. ಮಗ ಹೇಳಿದ್ದನ್ನೆಲ್ಲ ಕೇಳಿ ಅವರು ಆಶ್ಚರ್ಯಪಡಲಿಲ್ಲ. ಮನೆಯ ಉರ್ದುವಿನಲ್ಲಿ ನಡೆದ ಆ ಮಾತನ್ನು ಬಂದೇಸಾಬರು ನನಗೆ ಕನ್ನಡದಲ್ಲಿ ಹೇಳಿದರು.

“ಆ ಕಾಗದ ಬರದವರು ಗುರ್ತು ಹೆಂಗ ಹಿಡೀತಾರಂತ?”

“ಹೂವು ನೋಡಿ ಅಂತ, ಅಪ್ಪ.”

“ನಮ್ಮ ತ್ವಾಟದಾಗ ಬಳ್ಳಿ ಹೂ ಬಿಡೂದ ಎಲ್ಲಿ ನೋಡಿದಿ ನೀನು? ಹೂ ಬಿಡೂವಷ್ಟು ಎತ್ತರ ಏರೂಕಿಂತ ಮೊದಲ ವರ್ಷಾ ಬಳ್ಳಿ ಇಳಿಸಿ ಕಟ್ಟತೀವಿ. ನಾ ಎಲಿ ಮುಟ್ಟಿ ಹೇಳ್ತೇನಿ. ಹಂಗಂತ ಆ ಕಾಗದದಾಗ ಬರದಾರೇನು?”

ಹಾಗಂತ ಬರೆದಿರಲಿಲ್ಲ. ವೃಂದಾ ಇನ್ನೂ ಏಳೆಂಟು ಲೇಖನ ನೋಡಿದಳು. ಎಲೆಯಲ್ಲಿ ವ್ಯತ್ಯಾಸವಿದೆ ಎಂದು ಕೆಲವರು ಬರೆದಿದ್ದರು. ಆದರೆ ಕೈಯಿಂದ ಮುಟ್ಟಿ ಹೇಳಬಹುದು ಎಂದು ಯಾರೂ ಬರೆದದ್ದು ಆಕೆಗೆ ಸಿಗಲಿಲ್ಲ. ಹಾಗಾದರೆ ಅಪ್ಪ ಹೇಳುವುದು ಸರಿಯೋ ತಪ್ಪೋ ಎಂದು ನೋಡುವುದು ಹೇಗೆ? ಬಂದೇಸಾಬರು ಈ ಪ್ರಶ್ನೆ ಹಿಡಿದು ಸಸ್ಯಶಾಸ್ತ್ರದ ಪಾಠ ಹೇಳುವ ದೀಪ್ತಿ ಮೇಡಂ ಹತ್ತಿರ ಹೋದರು. ಅವರು ನಗಲಿಲ್ಲ. “ನಿಮ್ಮ ತಂದಿಯವರು ಮುಟ್ಟಿ ಹೇಳಲಿ, ನೀವು ಒಂದೊಂದಕ್ಕ ನಂಬರ್ ಕಟ್ರಿ. ಅವರೇನ್ ಹೇಳಿದ್ರು ಅಂತ ನನಗ ಹೇಳಬ್ಯಾಡ್ರಿ. ಬಳ್ಳಿ ಹೂ ಬಿಟ್ಟ ಮ್ಯಾಲೆ ನಾ ನೋಡಿ ಬರೀತೀನಿ. ಆಮೇಲೆ ಎರಡೂ ಕೂಡಿಸಿ ನೋಡೋಣ,” ಎಂದರು.

ಮೂರು ತಿಂಗಳೆಂದ ದುರಸ್ತಿ ಆರು ತಿಂಗಳಾಯಿತು. ಜನವರಿಯಲ್ಲಿ ಲೈಬ್ರರಿ ತೆರೆದಾಗ ಮೊದಲಿನಷ್ಟೇ ಹುಡುಗರು ಬಂದರು. ಆ ಹೊತ್ತಿಗೆ ಹೊಸ ಪ್ರವೇಶದ ಫಾರ್ಮಿನಲ್ಲಿ ಇಮೇಲು ವಿದ್ಯಾರ್ಥಿಯದೇ ಹೌದೇ ಎಂದು ಕೇಳುವ ಒಂದು ಸಾಲು ಸೇರಿತ್ತು. ಅದು ಸುಯಮೀಂದ್ರರು ಬರೆದ ನಾಲ್ಕನೆಯ ಕಾಗದದ ಫಲ.

ಇಸ್ಮಾಯಿಲಸಾಬರು ಕಣ್ಣು ಮುಚ್ಚಿಕೊಂಡು ಇಪ್ಪತ್ನಾಲ್ಕು ಬಳ್ಳಿಯ ಎಲೆ ಮುಟ್ಟಿ, ಒಂಬತ್ತು ಗಂಡು, ಹದಿನೈದು ಹೆಣ್ಣು ಎಂದು ಹೇಳಿದ್ದಾರೆ. ಬಂದೇಸಾಬರು ಒಂದೊಂದಕ್ಕೂ ತಗಡಿನ ಸಂಖ್ಯೆ ಕಟ್ಟಿದ್ದಾರೆ. ಆ ಸಾಲನ್ನು ಈ ವರ್ಷ ಇಳಿಸಿ ಕಟ್ಟದೆ ಮೇಲಕ್ಕೆ ಬಿಟ್ಟಿದ್ದಾರೆ. ನಾನೀಗ ಆ ಕೇಂದ್ರದಲ್ಲಿಲ್ಲ, ಕಳೆದ ವಾರ ಬಂದೇಸಾಬರಿಗೆ ಫೋನು ಮಾಡಿ ಕೇಳಿದೆ. ಒಂದೂ ಇನ್ನೂ ಹೂ ಬಿಟ್ಟಿಲ್ಲವಂತೆ.